ನಂದಾದೀಪದ ಪಕ್ಕದ ಇಸಿಜಿ

ಅಂದು ಬೆಳಗ್ಗೆ ಮುಂಬೈಯ ಆಂಟಾಪ್ ಹಿಲ್ ಮೇಲೆ ಮಂಜು ಕವಿದಿತ್ತು. ಬಿಲ್ಡಿಂಗುಗಳ ಬುಡ ಕಾಣದೆ, ಮೇಲಿನ ನೀರಿನ ಟಾಕಿಗಳು ಮಾತ್ರ ತೆಪ್ಪಗಳಂತೆ ತೇಲುತ್ತಿದ್ದವು.

ಮೆಟ್ಟಿಲಿಳಿಯುವಷ್ಟರಲ್ಲೇ ಮಲ್ಲವ್ವನಿಗೆ ಏದುಸಿರು ಬಂತು. ಗಂಡ ಈರಣ್ಣ ದೇವರ ಜಗಲಿಯ ಮೇಲಿದ್ದ ಪ್ಲಾಸ್ಟಿಕ್ ಕವರನ್ನು ಕಣ್ಣಿಗೊತ್ತಿ ಚೀಲಕ್ಕಿಳಿಸಿದ್ದ. ಅದರಲ್ಲಿದ್ದದ್ದು ಆಕೆಯ ಹೋದ ವರ್ಷದ ಇಸಿಜಿ, ಎದೆಬಡಿತವನ್ನು ಗೀಟಿನಲ್ಲಿ ತೋರಿಸುವ ಕಾಗದ. ನಂದಾದೀಪದ ಪಕ್ಕದಲ್ಲಿ, ವಿಭೂತಿ ಗಟ್ಟಿಯ ಕೆಳಗೆ ವರ್ಷವಿಡೀ ಅದನ್ನು ಕಾಪಾಡಿದ್ದ.

ಕೆಳಮನೆಯ ದೂಜಣ್ಣನೂ ಮಲ್ಲವ್ವ ತೋರಿಸುತ್ತಿದ್ದ ಹೃದಯದ ಡಾಕ್ಟರ ಪೇಷಂಟೇ. ಮೂವರೂ ಒಂದೇ ಟ್ಯಾಕ್ಸಿಯಲ್ಲಿ ಬಾಂದ್ರಾಕ್ಕೆ ಹೊರಟರು.

“ಈರಣ್ಣರೇ, ಕ್ಲಿನಿಕ್ಕಿನವರು ಎಲ್ಲ ಕಂಪ್ಯೂಟರಿನಲ್ಲಿ ಇಡ್ತಾರಲ್ಲ, ಹೋದ ವರ್ಷ ನೀವು ಬೇಡ ಅಂದದ್ದು ಎಂತಕ್ಕೆ ಮಾರ್ರೆ?” ಎಂದ ದೂಜಣ್ಣ.

“ಹೆಂಡತಿ ಎದಿಯೊಳಗಿನ ಮಾತು ಊರ ಮಂದಿಗೆ ಯಾಕ? ನಮ್ಮ ದೇವರು ಮಲ್ಲಯ್ಯನ ಕಣ್ಣಾಗ ಇದ್ರ ಸಾಕು.”

“ಊರಿಗೆಲ್ಲ ಎಲ್ಲಿ ಕಾಣ್ತದೆ? ನೋಡುದು ಡಾಕ್ಟ್ರು, ಅವರ ನರ್ಸು. ನನಗೆ ಯಾವ ಮಾತ್ರೆ ಆಗುದಿಲ್ಲ ಅಂತ ನನಗಿಂತ ಆ ಕಂಪ್ಯೂಟರಿಗೇ ನೆನಪುಂಟು.”

“ಹೋಟೆಲ್ ಗಲ್ಲಾದಾಗ ಬಿಲ್ ಮಷಿನ್ ಮುಂದ ಕುಂತವ್ರು ನೀವು. ಮಷಿನ್ ಅಂದ್ರ ಕೈಮುಗಿತೀರಿ.”

ಮಲ್ಲವ್ವ ಕಿಟಕಿಯಾಚೆ ಮಂಜನ್ನೇ ನೋಡುತ್ತಿದ್ದಳು.

ಕ್ಲಿನಿಕ್ಕಿನಲ್ಲಿ ದೂಜಣ್ಣನ ಸರದಿ ಮುಂದಿತ್ತು. ಮಲ್ಲವ್ವನ ಉಸಿರು ಕಂಡು ಅವನು ತನ್ನ ಟೋಕನ್ನನ್ನು ಈರಣ್ಣನ ಕೈಗಿತ್ತ. “ಅಕ್ಕ ಹೋಗ್ಲಿ. ನನಗೆ ಎಂತ ಅರ್ಜೆಂಟ್?”

ಡಾಕ್ಟರ್ ಶೈಲಾ ಮುಂಬೈಯಲ್ಲೇ ಬೆಳೆದವರು. ಅವರ ಕನ್ನಡ ತಡವರಿಸುತ್ತಿತ್ತು. ಹೊಸ ಇಸಿಜಿ ತೆಗೆಸಿ ನೋಡಿದರು. “ಇಲ್ಲಿ ಲೈನ್ ಅಗಲ ಇದೆ. ಪುರಾನಾ, ಹಳೇದು ಇದ್ದರೆ ಗೋಲಿ, ಮಾತ್ರೆ ಬದಲು ಮಾಡಿದರೆ ಬಸ್, ಅಷ್ಟೇ ಸಾಕು. ಹೊಸದು ಇದ್ದರೆ ಇವತ್ತೇ ಅಡ್ಮಿಟ್. ಹಳೇ ಇಸಿಜಿ ಇದೆಯಾ?”

ಈರಣ್ಣ ಕವರಿನಿಂದ ಕಾಗದ ತೆಗೆದು ಬಿಚ್ಚಿದ. ಗೀಟೇ ಇರಲಿಲ್ಲ. ಬೆಳಗಿನ ಮಂಜನ್ನೇ ಮಡಚಿಟ್ಟಂತೆ ಬೆಳ್ಳಗಿತ್ತು.

“ಎಣ್ಣೆ ಜಿಡ್ಡು, ಪ್ಲಾಸ್ಟಿಕ್, ಬೆಳಕು ಈ ಪೇಪರಿಗೆ ಆಗಲ್ಲ, ಕಾಕಾ. ಅಳಿಸಿ ಹೋಗ್ತದೆ.”

ಈರಣ್ಣ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಆಗ ಮಲ್ಲವ್ವ ಮೆಲ್ಲಗೆ ಅಂದಳು: “ಕಂಪ್ಯೂಟರಿನಾಗ ನನ್ನ ಹೆಸರು ಹಾಕಿ ನೋಡ್ರಿ, ಡಾಕ್ಟರವ್ವ. ಹೋದ ವರ್ಷ ಇವ್ರು ನೀರು ಕುಡ್ಯಾಕ ಹೋದಾಗ ಅದರಾಗ ಇಡಾಕ ನಾ ಹೂಂ ಅಂದಿದ್ದೆ.”

“ನನಗ ಹೇಳಲಿಲ್ಲಲ್ಲ?”

“ಎದಿ ನಂದು. ನೀವು ನನ್ನ ಕೇಳಿದ್ರೇನು?”

ಪರದೆಯ ಮೇಲೆ ಹೋದ ವರ್ಷದ ಎದೆಬಡಿತ, ಮಂಜು ಸರಿದಾಗ ಕಾಣುವ ಗುಡ್ಡದ ಸಾಲಿನಂತೆ ಮೂಡಿತು. ಅದೇ ಅಗಲ, ಅದೇ ತಿರುವು.

“ಪುರಾನಾ,” ಎಂದು ಡಾಕ್ಟರ್ ನಕ್ಕರು. “ನಾನು ಕೊಡಬೇಕು ಅಂದುಕೊಂಡ ಗೋಲಿಯಿಂದ ಹಿಂದೆ ಕೆಮ್ಮು ಬಂದಿತ್ತು ಅಂತ ಕೂಡ ಇದರಲ್ಲಿ ಇದೆ. ಬೇರೆ ಕೊಡ್ತೀನಿ. ಮನೆಗೆ ಹೋಗಿ, ಮುಂದಿನ ವಾರ ಬನ್ನಿ.”

ಹೊರಗೆ ಬಂದ ಈರಣ್ಣ ಬೆಂಚಿನ ಮೇಲೆ ಕುಸಿದು ಕೂತ. “ಮಲ್ಲಯ್ಯ ಕಾಪಾಡ್ತಾನ ಅಂದಿದ್ದೆ. ಗೀಟೂ ಉಳಿಲಿಲ್ಲ.”

“ಕಾಪಾಡಿದನಲ್ರೀ,” ಎಂದಳು ಮಲ್ಲವ್ವ. “ನನ್ನ ಬಾಯಾಗ ಹೂಂ ಅನಿಸಿದವ ಯಾರು?”

ಓದುವ ತಾಯಂದಿರೇ, ಅಣ್ಣಂದಿರೇ, ದೀಪ ದೇವರಿಗಿರಲಿ. ಕಾಗದವನ್ನು ಅದರಿಂದ ದೂರವಿಡಿ, ಫೋನಿನಲ್ಲಿ ಒಂದು ಫೋಟೋ ತೆಗೆದುಕೊಳ್ಳಿ. ದೊಡ್ಡ ಡಾಕ್ಟರ ಬಳಿ ಹೋದಾಗ ನಿಮ್ಮ ದಾಖಲೆ ಕಂಪ್ಯೂಟರಿನಲ್ಲಿ ಇದೆಯೇ, ಅದನ್ನು ಯಾರು ನೋಡುತ್ತಾರೆ ಎಂದು ಸಂಕೋಚವಿಲ್ಲದೆ ಕೇಳಿ. ಸರಿಯಾದ ಹೆಸರು, ನಂಬರು ಕೊಡಿ. ಆಗದ ಮಾತ್ರೆಯ ಹೆಸರನ್ನೂ ಅದರಲ್ಲಿ ಬರೆಸಿ. ಒಪ್ಪಿಗೆ ಮಾತ್ರ ಕಾಯಿಲೆಯವರದೇ ಆಗಿರಲಿ. ಅವರನ್ನು ಕೇಳದೆ ಬೇಡವೆನ್ನಬೇಡಿ.

ಮುಂದಿನ ವಾರ ಅದೇ ಬೆಂಚು. ಮಲ್ಲವ್ವನ ಉಸಿರು ಹಗುರಾಗಿತ್ತು. ಈ ಸಲ ಅವಳ ಸರದಿ ಮುಂದಿತ್ತು, ದೂಜಣ್ಣ ಹಿಂದೆಲ್ಲೋ ತೂಕಡಿಸುತ್ತಿದ್ದ. ಈರಣ್ಣ ಹೆಂಡತಿಯನ್ನು ಕೇಳಿ ಎದ್ದು ಹೋಗಿ, ಅವಳ ಟೋಕನ್ನನ್ನು ದೂಜಣ್ಣನ ಅಂಗೈಯಲ್ಲಿಟ್ಟು ಬೆರಳು ಮಡಚಿದ.