ಅಣ್ಣ ಅಂದರೆ ಯಾರು

ಪ್ರಜ್ಞಾಗೆ ಸಿನಿಮಾ ಓದಲು ಎರಡು ಕಡೆ ಸೀಟು ಸಿಕ್ಕಿತ್ತು. ಒಂದು ದಿಲ್ಲಿಯ ಹಳೆಯ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ. ಇಡೀ ದೇಶದಿಂದ ಇಪ್ಪತ್ತೇ ಜನರನ್ನು ಆರಿಸುವ ಕಡೆ. ಇನ್ನೊಂದು ಗ್ರೇಟರ್ ನೋಯ್ಡಾದಲ್ಲಿ, ಆ ವರ್ಷವೇ, ಅಂದರೆ 2006ರಲ್ಲಿ, ಶುರುವಾಗುತ್ತಿದ್ದ ಖಾಸಗಿ ವಿಶ್ವವಿದ್ಯಾಲಯ. ಅಲ್ಲಿ ಗಾಜಿನ ಕಟ್ಟಡ ಎದ್ದಿತ್ತು, ಎದುರಿಗೆ ಕಾರಂಜಿ ಚಿಮ್ಮುತ್ತಿತ್ತು, ಕ್ಯಾಮೆರಾ ಮಾತ್ರ ಇನ್ನೂ ಬಂದಿರಲಿಲ್ಲ. ಕಣ್ಣು ಮುಚ್ಚಿಕೊಂಡು ಆರಿಸಬಹುದಿತ್ತು. ಆದರೆ ಹುಡುಗಿ ಗ್ರೇಟರ್ ನೋಯ್ಡಾವೇ ಆಗಬೇಕು ಅಂತ ಹಟ ಹಿಡಿದು ಕೂತಿದ್ದಳು.

"ಅಲ್ಲ ಮಗಾ, ದಿಲ್ಲಿದೇ ಬೇಕು ಅಂತ ಎರಡು ವರ್ಷದಿಂದ ಜಪ ಮಾಡಿದವಳು ನೀನೇ ಅಲ್ವಾ?" ಎಂದು ತಾಯಿ ಲೀಲಾವತಿ ಕೇಳಿದರು.

"ಅಲ್ಲಿ ಎಲ್ಲಾ ಹಳೇದು ಅಮ್ಮ. ಫ್ಯಾನ್ ಕೂಡ ಸರಿಯಾಗಿ ತಿರುಗಲ್ಲ."

ಫ್ಯಾನು ಚೆನ್ನಾಗಿಯೇ ತಿರುಗುತ್ತಿತ್ತು. ತಿರುಗದೆ ಹೋದದ್ದು ಅವಳ ನಾಲಿಗೆ. ಅದನ್ನು ಈಗಲೇ ಹೇಳಿಬಿಡುತ್ತೇನೆ, ಮುಚ್ಚಿಟ್ಟುಕೊಂಡು ಏನಾಗಬೇಕು.

ಅವಳ ತಂದೆ ಕಾಂತಪ್ಪನವರದು ದಿಲ್ಲಿಯ ಮಯೂರ್ ವಿಹಾರದ ಮಾರ್ಕೆಟ್ಟಿನಲ್ಲಿ ಎಂಟು ಮೇಜಿನ ಹೋಟೆಲು. ಯಜಮಾನ ಅಂತ ಗಲ್ಲಾದಲ್ಲಿ ಕೂರುವ ಜನ ಅವರಲ್ಲ. ಬನಿಯನ್ನು ತೊಟ್ಟು, ಹೆಗಲಿಗೆ ಬೈರಾಸು ಹಾಕಿಕೊಂಡು, ತಾವೇ ಕಾವಲಿಯ ಮುಂದೆ ನಿಂತು ದೋಸೆ ಹುಯ್ಯುತ್ತಿದ್ದರು. ಮನೆತುಂಬ ಇದ್ದ ಚಿಕ್ಕಪ್ಪಂದಿರು ಅವರನ್ನು ಅಣ್ಣ ಅನ್ನುವುದನ್ನು ಕೇಳಿ ಕೇಳಿ ಪ್ರಜ್ಞಾ ಕೂಡ ಅಪ್ಪನನ್ನು ಅಣ್ಣ ಎಂದೇ ಕರೆಯಲು ಕಲಿತಳು, ಅದೇ ನಿಂತುಬಿಟ್ಟಿತು. ದಿಲ್ಲಿಯ ಗಿರಾಕಿಗಳಿಗೂ ಅವರು ಅಣ್ಣನೇ. ಆ ಊರಿನಲ್ಲಿ ಸಾಂಬಾರು ಬಡಿಸುವವನು ಯಾರೇ ಇರಲಿ, ಅವನಿಗೆ ಅಣ್ಣ ಅಂತಲೇ ಹೆಸರು. ಶಬ್ದ ಒಂದೇ, ಮನೆಯೊಳಗೆ ಅಪ್ಪ, ಹೊರಗೆ ದೋಸೆಯವನು.

ಪ್ರವೇಶಕ್ಕೆಂದು ಎಂಟು ನಿಮಿಷದ ಚಿತ್ರ ಮಾಡಿಕೊಡಬೇಕಿತ್ತು. ಪ್ರಜ್ಞಾ ಗೆಳತಿಯ ಕ್ಯಾಮೆರಾ ತಂದು ಅಪ್ಪನನ್ನೇ ತೆಗೆದಳು. ಕಾವಲಿಗೆ ನೀರು ಚಿಮುಕಿಸಿ ಚುಂಯ್ ಅನ್ನುವುದನ್ನು ಕಿವಿಗೊಟ್ಟು ಕೇಳುವುದು, ಮೊಣಕೈವರೆಗೆ ಸುಟ್ಟ ಗುರುತು, ಮೊದಲ ದೋಸೆ ಕಿತ್ತುಹೋದರೆ ಗಿರಾಕಿಗೆ ಕೊಡದೆ ನಿಂತೇ ತಾವು ತಿಂದುಬಿಡುವುದು. ಚಿತ್ರ ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ.

ಸಂದರ್ಶನದ ದಿನ ಹೊರಗೆ ಬೆಂಚಿನ ಮೇಲೆ ಅವಳ ಪಕ್ಕದಲ್ಲಿ ಕೂತವಳ ತಂದೆ ರಾಯಭಾರಿಯಂತೆ, ಆಚೆ ಕೂತವನ ತಾತ ಜಡ್ಜ್ ಆಗಿದ್ದರಂತೆ. ಎಲ್ಲರ ಇಂಗ್ಲಿಷೂ ಕೊಳಾಯಿ ತಿರುಗಿಸಿದ ಹಾಗೆ ಸುರಿಯುತ್ತಿತ್ತು. ಅದನ್ನು ಕೇಳುತ್ತ ಪ್ರಜ್ಞಾ ಬೆಂಚಿನ ತುದಿಗೆ ಸರಿದು ಕೂತಳು. ಒಳಗೆ ಕೂತಿದ್ದ ಮೂವರಲ್ಲಿ ಪ್ರೊಫೆಸರ್ ಭಟ್ನಾಗರ್, ಚಿತ್ರದಲ್ಲಿರುವ ಈ ಮನುಷ್ಯ ಯಾರು ಎಂದು ಹಿಂದಿಯಲ್ಲಿ ಕೇಳಿದರು: "ಯೇ ಆದ್ಮೀ ಕೌನ್ ಹೈ?"

"ಅಣ್ಣ," ಅಂದಳು. ಅಭ್ಯಾಸಬಲ, ಅಷ್ಟೇ. ಅಲ್ಲಿಯವರೆಗೆ ತಪ್ಪೇನೂ ಇರಲಿಲ್ಲ.

"ಅಚ್ಛಾ, ಅಣ್ಣಾ! ನಮ್ಮ ಕಾಲೊನಿಯಲ್ಲೂ ಒಬ್ಬನಿದ್ದಾನೆ," ಎಂದು ಅವರು ನಕ್ಕರು. "ಗುರುತಿಲ್ಲದ ಮನುಷ್ಯ ನಿನ್ನನ್ನು ಇಷ್ಟು ಹತ್ತಿರ ಹೇಗೆ ಬಿಟ್ಟುಕೊಂಡ?"

ಇಲ್ಲ ಸರ್, ಇವರು ನನ್ನ ತಂದೆ. ಇಷ್ಟೇ ಹೇಳಬೇಕಿದ್ದದ್ದು. "ಎರಡು ತಿಂಗಳು ದಿನಾ ಹೋಗಿ ನಿಂತೆ ಸರ್," ಎಂದಳು ಪ್ರಜ್ಞಾ. "ಮೆಲ್ಲಗೆ ನಂಬಿಕೆ ಬಂತು." ಭಟ್ನಾಗರ್ ತಲೆದೂಗಿ ಬರೆದುಕೊಂಡರು. ಸೀಟು ಸಿಕ್ಕಿತು. ಅವತ್ತಿನಿಂದ ಅಪ್ಪ ತಟ್ಟೆಗೆ ದೋಸೆ ಹಾಕಿದರೆ ಅವಳು ಅರ್ಧಕ್ಕೇ ಬಿಟ್ಟು ಏಳುತ್ತಿದ್ದಳು.

ಈಗ ತಿಳಿಯಿತಲ್ಲ, ಗ್ರೇಟರ್ ನೋಯ್ಡಾ ಯಾಕೆ ಅಂತ. ದಿಲ್ಲಿಯಲ್ಲಿ ಸೇರುವುದಾದರೆ ತಂದೆ ಒಂದಲ್ಲ ಒಂದು ದಿನ ಅಲ್ಲಿಗೆ ಬಂದೇ ಬರುತ್ತಾರೆ, ಬಂದರೆ ಭಟ್ನಾಗರ್ ಗುರುತು ಹಿಡಿಯುತ್ತಾರೆ. ಗ್ರೇಟರ್ ನೋಯ್ಡಾದವರು ಆ ಚಿತ್ರವನ್ನು ಕೇಳಿಯೇ ಇರಲಿಲ್ಲ.

ಕಾಂತಪ್ಪ ಬಿಡಬೇಕಲ್ಲ. "ಅಕ್ಕಿ ಕೊಳ್ಳಲಿಕ್ಕೂ ಎರಡು ಅಂಗಡಿ ಹತ್ತುತ್ತೇನೆ ನಾನು. ದಿಲ್ಲಿಯದು ಬೇಡ ಅನ್ನುವ ಮೊದಲು ಒಂದು ಸಲ ನೋಡಿ ಬರುವ, ಚಲೋ," ಎಂದು ಇಸ್ತ್ರಿ ಮಾಡಿದ ಶರಟು ಹಾಕಿಕೊಂಡು ಹೊರಟೇಬಿಟ್ಟರು. ಭಟ್ನಾಗರ್ ರಜೆಯಲ್ಲಿರಲಿ ಎಂದು ಪ್ರಜ್ಞಾ ಬಸ್ಸಿನಲ್ಲಿ ಕಂಡ ದೇವರಿಗೆಲ್ಲ ಕೈಮುಗಿದಳು. ನೋಡಿದರೆ ಭಟ್ನಾಗರ್ ಚಹಾದ ಲೋಟ ಹಿಡಿದು ವಿಭಾಗದ ಬಾಗಿಲಲ್ಲೇ ನಿಂತಿದ್ದರು.

"ಅರೇ ಅಣ್ಣಾ! ಆಯಿಯೇ," ಎಂದು ಕಾಂತಪ್ಪನವರ ಕೈ ಕುಲುಕಿದರು. "ನಿಮ್ಮನ್ನು ಪರದೆ ಮೇಲೆ ಮೂರು ಸಲ ನೋಡಿದ್ದೇನೆ. ಈ ಹುಡುಗಿ ಎರಡು ತಿಂಗಳು ದಿನಾ ಬಂದು ನಿಮ್ಮ ಅಂಗಡಿಯಲ್ಲಿ ನಿಂತಳಂತೆ. ನಿಮಗೆ ತೊಂದರೆಯಾಗಲಿಲ್ಲವೇ?"

ಕಾಂತಪ್ಪ ಪ್ರೊಫೆಸರರ ಮುಖ ನೋಡಿದರು, ಮಗಳ ಮುಖ ನೋಡಿದರು. ಮಗಳು ನೆಲ ನೋಡುತ್ತಿದ್ದಳು. ಇಪ್ಪತ್ತೈದು ವರ್ಷ ಗಿರಾಕಿಗಳ ಮುಖ ನೋಡಿದ ಮನುಷ್ಯನಿಗೆ ಇನ್ನೆಷ್ಟು ಬಿಡಿಸಿ ಹೇಳಬೇಕು?

"ತೊಂದರೆ ಎಂಥದು ಸಾಬ್," ಎಂದರು ತಮ್ಮ ಹೋಟೆಲು ಹಿಂದಿಯಲ್ಲಿ. "ಒಳ್ಳೆ ಮನೆಯ ಹುಡುಗಿ. ಅವಳ ತಂದೆಗೆ ಪುರುಸೊತ್ತಿಲ್ಲ, ಅದಕ್ಕೆ ಜೊತೆಗೆ ನಾನು ಬಂದೆ."

ಪ್ರಜ್ಞಾಗೆ ಕಿವಿಯವರೆಗೆ ಬಿಸಿಯೇರಿತು. ಈಗ ನಿಜ ಹೇಳಿದರೆ ಅಪ್ಪನನ್ನೇ ಸುಳ್ಳುಗಾರ ಮಾಡಿದ ಹಾಗೆ, ಹೇಳದಿದ್ದರೆ ತಾನೆಂಥವಳು? "ತಂದೆಯ ಸಹಿ ಹಾಕಿಸಿ ಶುಕ್ರವಾರದೊಳಗೆ ಕೊಡು," ಎಂದು ಭಟ್ನಾಗರ್ ಫಾರಂ ಕೈಗಿತ್ತರು. ಅವಳು ಥ್ಯಾಂಕ್ಯೂ ಬೇರೆ ಅಂದಳು.

ಇಬ್ಬರೂ ಬಸ್ ಸ್ಟಾಪಿಗೆ ಬಂದು ನಿಂತರು. ಬೈದುಬಿಟ್ಟಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು. ಕಾಂತಪ್ಪ ಕೇಳಿದ್ದು ಬೇರೆಯೇ.

"ಪಿಚ್ಚರಿನಲ್ಲಿ ನಾನು ಸರಿ ಕಾಣ್ತೇನಾ?"

"ಹೂಂ, ಅಣ್ಣ."

"ಆ ಬನಿಯನ್ನು ಹಿಂದೆ ತೂತಾಗಿತ್ತು. ಇಂಥವರೆಲ್ಲ ನೋಡ್ತಾರೆ ಅಂತ ಹೇಳಿದ್ದರೆ ಶರಟು ಹಾಕ್ತಿದ್ದೆ." ಸ್ವಲ್ಪ ತಡೆದು ಮತ್ತೆ ಹೇಳಿದರು. "ನೀನು ಇಲ್ಲೇ ಸೇರು. ಒಳ್ಳೆ ಜಾಗ. ಎರಡು ವರ್ಷ ತಾನೆ, ನಾನು ಈ ಕಡೆ ಬರುವುದಿಲ್ಲ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ತಂದೆಯೊಬ್ಬ ಮಗಳಿಗೆ ಮಾಡಬಹುದಾದ ಅನುಕೂಲ ಇದು ಅನ್ನುವ ಹಾಗೆ ಹೇಳಿದ್ದರು. ಛೀ, ಎಂಥ ಕೆಲಸ ಮಾಡಿಬಿಟ್ಟೆ ಎಂದು ಪ್ರಜ್ಞಾಗೆ ಅಳು ಒತ್ತಿಕೊಂಡು ಬಂತು. ಮಯೂರ್ ವಿಹಾರದ ಬಸ್ಸು ಬಂದು ನಿಂತಿತು. ಕಾಂತಪ್ಪ ಕಂಬಿ ಹಿಡಿದು ಒಂದು ಕಾಲು ಮೇಲಿಟ್ಟೂ ಆಗಿತ್ತು. ಅವಳು ಅವರ ಶರಟಿನ ತೋಳು ಹಿಡಿದು ಕೆಳಗೆ ಎಳೆದಳು.

"ಸಹಿ ಬಾಕಿ ಇದೆ ಅಣ್ಣ. ಬನ್ನಿ."

"ಮನೆಯಲ್ಲಿ ಹಾಕ್ತೇನೆ ಮಾರಾಯ್ತಿ, ಬಸ್ಸು ಹೋಗ್ತದೆ."

"ಹೋಗಲಿ."

ಭಟ್ನಾಗರರ ಮೇಜಿನ ಮೇಲೆ ಅವಳು ಫಾರಂ ಬಿಡಿಸಿಟ್ಟು, ತಂದೆಯ ಸಹಿ ಎಂದು ಬರೆದ ಜಾಗದಲ್ಲಿ ಬೆರಳಿಟ್ಟು, ಅಪ್ಪನಿಗೆ ಪೆನ್ನು ಕೊಟ್ಟಳು. ಕಾಂತಪ್ಪ ಹಾಕಲೋ ಬೇಡವೋ ಎಂದು ಮಗಳನ್ನು ನೋಡಿದರು. ಸ್ವಂತ ಮಗಳ ಫಾರಮ್ಮಿಗೆ ಸಹಿ ಹಾಕಲು ಅಪ್ಪ ತನ್ನ ಅಪ್ಪಣೆಗೆ ಕಾಯುತ್ತಿದ್ದಾರೆ ಎಂದು ಕಂಡಾಗ ಅವಳಿಗೆ ಆದ ನಾಚಿಕೆ ಅಷ್ಟಿಷ್ಟಲ್ಲ. ಅವಳು ತಲೆಯಾಡಿಸಿದಳು. ಅವರು ಕನ್ನಡದಲ್ಲಿ ಕಾಂತಪ್ಪ ಎಂದು ಬರೆದರು.

"ಆ ಎರಡು ತಿಂಗಳು?" ಭಟ್ನಾಗರ್ ಕೇಳಿದರು.

"ಸುಳ್ಳು ಸರ್."

"ತಪ್ಪು ನನ್ನದು ಸಾಬ್, ನಾನೇ ಈಗ..." ಎಂದು ಕಾಂತಪ್ಪ ನಡುವೆ ಬಾಯಿ ಹಾಕಿದರು. ಭಟ್ನಾಗರ್ ಕೈಯೆತ್ತಿ ತಡೆದರು. ಅವರ ಮುಖದಲ್ಲಿ ಬೆಳಗಿನ ನಗು ಇರಲಿಲ್ಲ.

"ಚಿತ್ರ ನೋಡಿ ಮಾತ್ರ ಕೊಟ್ಟ ಸೀಟಲ್ಲ ಇದು. ನೀನು ಆಡಿದ ಮಾತಿಗೂ ಅಂಕ ಹಾಕಿದ್ದೇವೆ. ಆ ಮಾತು ಹೊಡೆದುಹಾಕಬೇಕಾಗುತ್ತದೆ. ಆಮೇಲೆ ಸೀಟು ಉಳಿಯುತ್ತದೋ ಇಲ್ಲವೋ, ಉಳಿದಿಬ್ಬರನ್ನು ಕೇಳದೆ ನಾನು ಹೇಳಲಾರೆ." ಕಡತ ತೆಗೆದು, ಅವಳ ಹಾಳೆ ಹುಡುಕಿ, ಅಂದು ಬರೆದದ್ದರ ಮೇಲೆ ಅಡ್ಡಗೆರೆ ಎಳೆದರು. ಆಮೇಲೆ ಮೊದಲಿನ ಪ್ರಶ್ನೆಯನ್ನೇ ಕೇಳಿದರು. "ಯೇ ಆದ್ಮೀ ಕೌನ್ ಹೈ?"

ಪ್ರಜ್ಞಾ ಮೊದಲ ಸಲ ಹೇಳಿದ್ದು ಅವಳಿಗೇ ಕೇಳಿಸಲಿಲ್ಲ. ಭಟ್ನಾಗರ್ ಪೆನ್ನು ಹಿಡಿದು ಕಾದರು. ಪಕ್ಕದಲ್ಲಿ ಕಾಂತಪ್ಪ, ತಮಗೆ ಸಂಬಂಧವಿಲ್ಲದ ಮಾತು ಎಂಬಂತೆ, ಗೋಡೆಯ ಕ್ಯಾಲೆಂಡರ್ ನೋಡುತ್ತ ನಿಂತಿದ್ದರು. ಎರಡನೇ ಸಲ ಅವಳು ಕೇಳಿಸುವ ಹಾಗೆ ಹೇಳಿದಳು: "ಇವರು ನನ್ನ ತಂದೆ ಸರ್."