ಬಿಟ್ಟುಕೊಟ್ಟ ಸರದಿ

ಟಿಣ್ ಎನ್ನುವ ಸಣ್ಣ ಸದ್ದು ಮತ್ತೆ ಕೇಳಿದಾಗ ಮಗಳು ಮಂಡಿಯೂರಿ ಮಂಚದ ಕೆಳಗೆ ಕೈಯಾಡಿಸುತ್ತಿದ್ದಳು. ನಡುರಾತ್ರಿ ದಾಟಿತ್ತು. ಸದ್ದು ಒಮ್ಮೆ ಬಂದರೆ, ಇನ್ನು ಬರಲಾರದು ಎಂದು ನಂಬಿಕೆ ಹುಟ್ಟುವಷ್ಟು ಹೊತ್ತು ಸುಮ್ಮನಿದ್ದು ಮತ್ತೆ ಬರುತ್ತಿತ್ತು. ಕೊನೆಗೆ ಬೀರುವಿನ ಪಕ್ಕದಲ್ಲಿ ಸಿಕ್ಕಿತು, ಬಾಡಿಗೆಗೆ ತಂದಿದ್ದ ಆಕ್ಸಿಜನ್ ಯಂತ್ರ. ಯಾರೋ ಪ್ಲಗ್ ಕಿತ್ತಿದ್ದರು. ಬ್ಯಾಟರಿ ಇಳಿಯುತ್ತಿದೆ ಎಂದು ಅದು ತನ್ನ ಪಾಡಿಗೆ ದೂರು ಹೇಳುತ್ತಿತ್ತು.

“ಬಿಡೇ, ಅದಾಗೇ ಸುಮ್ಮನಾಗುತ್ತೆ,” ಎಂದಳು ಕುರ್ಚಿಯಲ್ಲಿ ಕಾಲು ಮಡಚಿ ಕೂತಿದ್ದ ಚಿಕ್ಕಮ್ಮ. “ನಾಳೆ ಜನ ಬರ್ತಾರೆ. ನಿಮ್ಮಪ್ಪನ್ನ ನೋಡ್ಕೊಬೇಕು. ಸ್ವಲ್ಪ ಮಲಕ್ಕೊ.”

ಮಗಳು ಮಲಗಲಿಲ್ಲ. ಬ್ಯಾಟರಿ ತೆಗೆದು ಕಿಟಕಿಯ ಕಟ್ಟೆಯ ಮೇಲಿಟ್ಟಳು. ಖಾಲಿ ಮಂಚದ ಹೊದಿಕೆಯನ್ನು, ಯಾರೂ ಕೆಡಿಸಿರದಿದ್ದರೂ, ಇನ್ನೊಮ್ಮೆ ಎಳೆದು ಸರಿಮಾಡಿದಳು. ಕೊನೆಯ ಎರಡು ವಾರ ಈ ಕೋಣೆಯಲ್ಲಿ ಅವಳು ಮಾಡದ ಕೆಲಸವಿಲ್ಲ. ಹಾಸಿಗೆ ಬದಲಿಸಿದ್ದಾಳೆ, ತಾಯಿಯ ಬೆನ್ನು ಒರೆಸಿದ್ದಾಳೆ, ಔಷಧಿ ಕುಡಿಸಿದ್ದಾಳೆ. ನೀರು ಬೇಕಾ, ಪಕ್ಕಕ್ಕೆ ತಿರುಗು, ಇಷ್ಟನ್ನು ಬಿಟ್ಟು ಮಾತು ಮಾತ್ರ ಆಡಿರಲಿಲ್ಲ.

ಕಾರಣ ಊರಿಗೆಲ್ಲ ಗೊತ್ತಿತ್ತು. ತಾಯಿಯ ಕಾಯಿಲೆಗೆ ಹೊಸ ಔಷಧಿಯೊಂದು ಬಂದಿತ್ತು. ಗುಣಪಡಿಸುವುದಿಲ್ಲ, ಸಾವನ್ನು ಒಂದಷ್ಟು ಕಾಲ ಮುಂದೂಡುತ್ತದೆ. ಬೇಕಾದವರು ಬಹಳ, ಔಷಧಿ ಕಡಿಮೆ, ಹಾಗಾಗಿ ಸರದಿ. ತಾಯಿಯ ಸರದಿ ಬಂದ ದಿನ ಆಕೆ ಯಾರನ್ನೂ ಕೇಳದೆ ಅದನ್ನು ಬಿಟ್ಟುಕೊಟ್ಟಿದ್ದಳು.

“ನನ್ನ ಹಿಂದೆ ನಿಂತೋರು ನನಗಿಂತ ಚಿಕ್ಕೋರು. ಅವರಿಗೆ ಕೊಟ್ರೆ ಹೆಚ್ಚು ವರ್ಷ ಸಿಗುತ್ತೆ,” ಎಂದಿದ್ದಳು ತಾಯಿ, ತರಗತಿಯಲ್ಲಿ ಪಾಠ ಹೇಳುವ ದನಿಯಲ್ಲೇ.

“ನಾನು ಯಾವ ಸಾಲಿನಲ್ಲಿ ನಿಂತಿದೀನಮ್ಮ?” ಎಂದಿದ್ದಳು ಮಗಳು. ಅವಳು ತಾಯಿಯ ಜೊತೆ ನೆಟ್ಟಗೆ ಆಡಿದ ಕೊನೆಯ ಮಾತು ಅದೇ.

*

ಬೆಳಿಗ್ಗೆ ವಿಶ್ವವಿದ್ಯಾಲಯದ ಸಭಾಂಗಣದಲ್ಲಿ ತಾಯಿಯ ದೇಹವಿದ್ದ ಪೆಟ್ಟಿಗೆಯನ್ನು ಇಳಿಸಿದರು. ಮೈಕು ಒಮ್ಮೆ ಕಿರುಚಿ ಸುಮ್ಮನಾಯಿತು. ಇದೇ ವೇದಿಕೆಯಲ್ಲಿ ತಾಯಿ ಆರೋಗ್ಯದ ಅರ್ಥಶಾಸ್ತ್ರ ಪಾಠ ಮಾಡಿದ್ದಳು. ಹಿಂದಿನ ಸಾಲಿನ ಬೆಂಚುಗಳಲ್ಲಿ ತಕ್ಕಡಿಯ ಚಿತ್ರ ಕೊರೆದದ್ದು ಇನ್ನೂ ಇತ್ತು. ಹುಡುಗರು ಆಕೆಗೆ ಇಟ್ಟಿದ್ದ ಹೆಸರು ತಕ್ಕಡಿ ಮೇಡಂ.

ವಿಭಾಗದ ಮುಖ್ಯಸ್ಥರು ಮಾತಾಡಿದರು. ಮೇಡಂ ಬರುವ ಮುಂಚೆ ದುರ್ಲಭ ಔಷಧಿ ಯಾರಿಗೆ ಸಿಗುತ್ತಿತ್ತು ಎಂದರೆ ದೊಡ್ಡವರಿಂದ ಫೋನ್ ಮಾಡಿಸಿದವರಿಗೆ, ಎಂದರು. ಮೇಡಂ ಸಾಲು ತಂದರು, ಸಾಲಿಗೆ ನಿಯಮ ತಂದರು, ಫೋನಿಗೆ ಕಿವಿಗೊಡದ ಸಮಿತಿ ತಂದರು. ಕೊನೆಗೆ ತಮ್ಮ ಜೀವಕ್ಕೂ ಅದೇ ತಕ್ಕಡಿ ಹಿಡಿದರು. ಜನ ತಲೆಯಾಡಿಸಿದರು. ಮಗಳ ಎಡಗಡೆ ಕೂತಿದ್ದ ಅಪ್ಪನೂ ತಲೆಯಾಡಿಸಿದ. ನಕ್ಷೆ ಬರೆಯುವ ಕೆಲಸದಿಂದ ನಿವೃತ್ತನಾದ, ಹೆಂಡತಿಯ ವಿದ್ಯೆಯನ್ನು ದೂರದ ಊರಿನಂತೆ ನೋಡಿಕೊಂಡು ಬಂದಿದ್ದ ಮನುಷ್ಯ. ಬೆಳಗಿನಿಂದ ಕೈಹಿಡಿದವರಿಗೆಲ್ಲ ಅವನು ಹೇಳಿದ್ದು ಒಂದೇ: “ಅವಳಾಗೇ ಬಿಟ್ಟುಕೊಟ್ಲು. ಒಂದು ದಿನಾನೂ ಹಳಹಳಿಸಲಿಲ್ಲ.” ಹಾಗೆ ಹೇಳುವಾಗಲೆಲ್ಲ ಅವನ ಬೆನ್ನು ಸ್ವಲ್ಪ ನೆಟ್ಟಗಾಗುತ್ತಿತ್ತು.

ಹೊರಗೆ ಗಾಡಿಗೆ ಕಾಯುವಾಗ ಗುಮಾಸ್ತೆಯೊಬ್ಬಳು ಪಕ್ಕದವಳಿಗೆ ಪಿಸುಗುಡುತ್ತಿದ್ದಳು. “ಅವರ ಮುಂದೆ ನೆಗಡಿ ಅನ್ನೋಕೂ ಹೆದರಿಕೆ ಕಣೇ. ಈ ನೆಗಡಿ ಹೋಗೋದಾದ್ರೆ ಆಯಸ್ಸಲ್ಲಿ ಎಷ್ಟು ದಿನ ಬಿಡ್ತೀಯ ಅಂತ ಕೇಳಿಬಿಡೋರು.”

“ನೀನೇನಂದೆ?”

“ರಜೆ ಕೊಡಿ ಸಾಕು ಅಂದೆ.”

ಇಬ್ಬರೂ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಮಗಳಿಗೆ ಸಿಟ್ಟು ಬರಲಿಲ್ಲ. ಆ ಪ್ರಶ್ನೆಯನ್ನು ಅವಳು ಅವರಿಗಿಂತ ಮೊದಲೇ ಕೇಳಿದ್ದಳು.

*

ಶಾಲೆಯ ರಜೆಯಲ್ಲಿ ತಾಯಿ ಅವಳನ್ನು ಆಸ್ಪತ್ರೆಯ ವಾರ್ಡುಗಳಿಗೆ ಕರೆದೊಯ್ಯುತ್ತಿದ್ದಳು. ಕೆಲಸವೇನೆಂದರೆ ರಟ್ಟಿನ ಹಲಗೆ ಹಿಡಿಯುವುದು. ಹಲಗೆಯಲ್ಲಿ ಎರಡು ಪಟ್ಟಿ. ಮೇಲಿನದು ಹಾಸಿಗೆ ಹಿಡಿದು ಕಳೆಯುವ ಹತ್ತು ವರ್ಷ. ಕೆಳಗಿನದು ಓಡಾಡಿಕೊಂಡಿರುವ ವರ್ಷಗಳು, ಅದನ್ನು ಜಾರಿಸಿ ಗಿಡ್ಡ ಮಾಡಬಹುದು. ಆರೋಗ್ಯ ಸಿಗುವುದಾದರೆ ಎಷ್ಟು ಆಯಸ್ಸು ಬಿಡುತ್ತೀರಿ? ತಾಯಿ ಕೇಳುವಳು, ಜನ ಪಟ್ಟಿ ಜಾರಿಸುವರು, ಸಂಗಡ ಬಂದ ಶಿಷ್ಯ ಬರೆದುಕೊಳ್ಳುವನು. ಪ್ರತಿ ಉತ್ತರಕ್ಕೂ ಚುಕ್ಕಿಯ ಮುಂದಿನ ಅಂಕಿ ಎಷ್ಟು ಎಂದು ಪೀಡಿಸುವ ಆ ತೆಳ್ಳಗಿನ ಹುಡುಗನನ್ನು ತಾಯಿ ದಶಮಾಂಶ ಎಂದೇ ಕರೆಯುತ್ತಿದ್ದಳು.

ಒಂದು ದಿನ ಸೊಂಟ ಮುರಿದು ಮಲಗಿದ್ದ ಮುದುಕಿಯೊಬ್ಬಳು ಪಟ್ಟಿ ಮುಟ್ಟಲೇ ಇಲ್ಲ. “ಒಂದು ದಿನಾನೂ ಬಿಡಲ್ಲ ತಾಯಿ,” ಎಂದಳು. ನೋವಿದೆಯಲ್ಲ ಎಂದು ತಾಯಿ ಕೇಳಿದ್ದಕ್ಕೆ, ಇದೆ, ಬಹಳ ಇದೆ, ಎಂದಳು. ಮತ್ತೆ ಯಾಕೆ? “ಸಾಯಂಕಾಲ ನನ್ನ ಮಗಳು ಕೆಲಸ ಮುಗಿಸಿ ಬರ್ತಾಳಲ್ಲ.”

ಬಸ್ಸಿನಲ್ಲಿ ವಾಪಸಾಗುವಾಗ ತಾಯಿ ಆ ಉತ್ತರವನ್ನು ತೆಗೆದುಹಾಕು ಎಂದಳು. ಏನೂ ಬಿಡದವರು ಪ್ರಶ್ನೆಯನ್ನು ಅರ್ಥ ಮಾಡಿಕೊಂಡಿಲ್ಲ ಎಂದು ಲೆಕ್ಕ, ಎಂದು ವಿವರಿಸಿದಳು. ದಶಮಾಂಶ ಹೊಡೆದುಹಾಕಿದ. ತಾಯಿ ಚಪ್ಪಲಿ ಬಿಚ್ಚಿ, ಊದಿದ ಪಾದಗಳನ್ನು ಮುಂದಿನ ಸೀಟಿನ ಕಂಬಿಗೆ ಒತ್ತಿಕೊಂಡು ನಿದ್ದೆಹೋದಳು.

ಆಮೇಲಿನ ವರ್ಷಗಳಲ್ಲಿ ಆಕೆ ಸದಾ ದಣಿದೇ ಇದ್ದಳು. ಸಾಲಿನಲ್ಲಿ ಹಿಂದೆ ಬಿದ್ದವರ ಕಡೆಯವರು ಮನೆಯವರೆಗೂ ಬರುತ್ತಿದ್ದರು. ಒಬ್ಬ ತಂದೆ ಮಗನ ಫೋಟೋ ಹಿಡಿದು ಗೇಟಿನ ಹೊರಗೆ ಸಂಜೆಯೆಲ್ಲ ನಿಂತ. ಬಯ್ಯಲಿಲ್ಲ, ಬೇಡಲಿಲ್ಲ. ತಾಯಿ ಇಳಿದುಹೋಗಿ ಅವನ ಪಕ್ಕದಲ್ಲಿ, ಕತ್ತಲಾಗುವವರೆಗೆ, ಸುಮ್ಮನೆ ನಿಂತಳು. ನಿಯಮ ಬದಲಾಗಲಿಲ್ಲ. ಒಳಗೆ ಬಂದವಳು ಊಟ ಬೇಡವೆಂದಳು.

*

ಚಿತಾಗಾರದ ಕಾಯುವ ಕೋಣೆಯಲ್ಲಿ ಪ್ಲಾಸ್ಟಿಕ್ ಕುರ್ಚಿಗಳಿದ್ದವು, ನೀರಿನ ಯಂತ್ರವಿತ್ತು. ಬಂಧುಗಳು ಮೂಲೆ ಹಿಡಿದು ಕೂತರು. ದಶಮಾಂಶ ತಡವಾಗಿ ಬಂದ. ಈಗ ತಲೆ ನರೆತ ಡಾಕ್ಟರು, ಸರದಿಯ ಸಮಿತಿಗೆ ಅವನೇ ಅಧ್ಯಕ್ಷ. ಒಳಗೆ ಬಾರದೆ ಜಗಲಿಯಲ್ಲೇ ನಿಂತು, ಕಾಗದದ ಲೋಟವನ್ನು ಹಿಂಡಿ ಹಿಂಡಿ ಮುದ್ದೆ ಮಾಡುತ್ತಿದ್ದ. ಮಗಳು ಹೊರಗೆ ಹೋದಳು.

“ನಿಮ್ಮ ಹತ್ರ ಒಂದು ವಿಷಯ ಹೇಳ್ಬೇಕು,” ಎಂದ. “ಎಲ್ಲರೂ ಮೇಡಂ ಹಳಹಳಿಸಲಿಲ್ಲ ಅಂತಿದಾರೆ. ಹೋದ ವಾರ ಅವರು ನನಗೆ ಫೋನ್ ಮಾಡಿದ್ರು.”

ಮಗಳು ಹಿಂದಿನ ಬಾಗಿಲನ್ನು ಎಳೆದುಕೊಂಡಳು.

“ಸರದಿ ವಾಪಸ್ ಬೇಕು ಅಂದ್ರು.”

ಜಗಲಿಯ ಆಚೆ ಯಾರೋ ಕಾರು ಹಿಂದಕ್ಕೆ ತೆಗೆಯುತ್ತಿದ್ದರು. ಅದು ತಿರುಗಿ ಹೋಗುವವರೆಗೆ ಇಬ್ಬರೂ ಅದನ್ನೇ ನೋಡಿದರು.

ಅವನು ಉಳಿದದ್ದನ್ನು ನೆಲ ನೋಡುತ್ತಾ ಹೇಳಿದ. ಆ ಹೊತ್ತಿಗಾಗಲೇ ಸರದಿ ಇನ್ನೊಬ್ಬರಿಗೆ ಹೋಗಿತ್ತು, ಲಾರಿ ಓಡಿಸುವ ಒಬ್ಬನಿಗೆ. ಮೊದಲ ಇಂಜೆಕ್ಷನ್ ಮರುದಿನವಿತ್ತು. ಅವನನ್ನು ತಡೆದು ಮೇಡಂಗೆ ಕೊಡುವ ಅಧಿಕಾರ ತನ್ನ ಕೈಯಲ್ಲಿತ್ತು, ಯಾರಿಗೂ ತಿಳಿಯುತ್ತಲೂ ಇರಲಿಲ್ಲ. ಆದರೆ ಬಿಟ್ಟ ಸರದಿ ಮರಳುವುದಿಲ್ಲ, ಫೋನಿಗೆ ಕಿವಿಗೊಡಬಾರದು ಎಂಬ ಎರಡೂ ನಿಯಮ ಮೇಡಂ ಬರೆದವೇ.

“ಎಷ್ಟು ಕಾಲ ಬೇಕು ಮೇಡಂ ಅಂತ ಕೇಳ್ದೆ. ಅಭ್ಯಾಸ ನೋಡಿ, ಬಾಯಿಗೆ ಅದೇ ಬಂತು. ‘ಗೊತ್ತಿಲ್ಲ ಕಣಪ್ಪ. ನನ್ನ ಮಗಳು ಮಾತಾಡ್ತಿಲ್ಲ. ಅವಳ ಕೋಪ ಇಳಿಯೋವರೆಗೆ ಸಾಕು’ ಅಂದ್ರು.”

ಮಗಳು ಗೋಡೆಗೆ ಕೈಯೂರಿದಳು. ಗೋಡೆ ಬೆಚ್ಚಗಿತ್ತು. ಯಾಕೆ ಬೆಚ್ಚಗಿದೆ ಎಂದು ಹೊಳೆದು ಕೈ ತೆಗೆದಳು.

“ನೀವೇನಂದ್ರಿ?”

“ಆಗಲ್ಲ ಮೇಡಂ ಅಂದೆ. ‘ಸರಿ, ನಿನ್ನ ಜಾಗದಲ್ಲಿ ನಾನಿದ್ರೂ ಅದೇ ಹೇಳ್ತಿದ್ದೆ’ ಅಂದ್ರು. ಬೈದಿದ್ರೆ ಚೆನ್ನಾಗಿತ್ತು.” ಅವನು ಮುದ್ದೆಯಾದ ಲೋಟವನ್ನು ಜೇಬಿಗೆ ಹಾಕಿಕೊಂಡ. “ಮುಂದೆ ನಡೆಯೋ ಸಂತಾಪ ಸಭೆಯಲ್ಲಿ ಇದನ್ನ ಹೇಳಿ ಸಮಿತಿ ಬಿಡ್ತೀನಿ. ನೀವು ಹೂಂ ಅಂದ್ರೆ.”

ತಾಯಿ ತನ್ನನ್ನು ಲೆಕ್ಕಕ್ಕೆ ಹಿಡಿಯಲಿಲ್ಲ ಎಂಬ ಸಿಟ್ಟನ್ನು ಅವಳು ಎರಡು ವಾರ ಹೊತ್ತಿದ್ದಳು. ಈಗ ಅದನ್ನು ಇಳಿಸಲು ಜಾಗ ಸಿಕ್ಕಿತು, ಆದರೆ ಆ ಜಾಗದಲ್ಲಿ ಅದಕ್ಕಿಂತ ಭಾರದ್ದು ಕಾದು ಕೂತಿತ್ತು. ಮಂಚದ ಮೇಲಿಂದ, ಏದುಸಿರಿನಲ್ಲಿ, ನಂಬರು ಒತ್ತುತ್ತಿರುವ ತಾಯಿ. ಅದು ಯಾವ ಹೊತ್ತೋ. ತಾನು ಪಕ್ಕದ ಕೋಣೆಯಲ್ಲೇ ಹೊದಿಕೆ ಮಡಚುತ್ತಿದ್ದಿರಬಹುದು.

“ಆ ಲಾರಿಯವರು ಹೇಗಿದಾರೆ?” ಎಂದಳು ಕೊನೆಗೆ.

“ಈಗ ಶುರುವಾಗಿದೆ. ಹೇಳೋಕಾಗಲ್ಲ.”

“ಅವರ ಕಿವಿಗೂ ಬೀಳುತ್ತಲ್ಲ, ನೀವು ಸಭೆಯಲ್ಲಿ ಹೇಳಿದ್ರೆ.”

ಅವನು ಜೇಬಿನಲ್ಲಿದ್ದ ಲೋಟದ ಮುದ್ದೆಯನ್ನು ಮತ್ತೆ ಅಮುಕಿದ.

“ಸೋಮವಾರ ಕೆಲಸಕ್ಕೆ ಹೋಗಿ,” ಎಂದಳು. “ಅಮ್ಮ ಫೋನ್ ಮಾಡಿದ್ದು ನಿಮಗಲ್ಲ, ನನಗೆ. ಹಾಗೇ ಅಂದ್ಕೊಳ್ಳಿ. ನಾನು ಇನ್ಯಾರಿಗೂ ಹೇಳಲ್ಲ.”

ಒಳಗೆ ಬಂದಾಗ ಚಿಕ್ಕಮ್ಮ ಕಣ್ಣಲ್ಲೇ ಏನಂತೆ ಎಂದಳು. ಅಮ್ಮನ ಪಾಠದ ವಿಷಯ ಹೇಳ್ತಿದ್ರು, ಎಂದಳು ಮಗಳು. ಅಪ್ಪನ ಪಕ್ಕದ ಕುರ್ಚಿ ಖಾಲಿಯಿತ್ತು. ಕೂತಳು. ಅವನಿಗೆ ತೂಕಡಿಕೆ ಬಂದಿತ್ತು. ಬೆಳಗಿನಿಂದ ನೆಟ್ಟಗಿದ್ದ ಬೆನ್ನು ಸಡಿಲಿ, ತಲೆ ನಿಧಾನವಾಗಿ ವಾಲಿ ಅವಳ ಹೆಗಲಿಗೆ ಬಂತು.

ಎದುರಿನ ಬಾಗಿಲು ತೆರೆದು ಸಿಬ್ಬಂದಿಯವನೊಬ್ಬ ಇಣುಕಿದ. ಮನೆಯವರನ್ನು ಕರೆಯಲು ಬಾಯಿ ತೆರೆದ. ಮಗಳು ಕಣ್ಣಲ್ಲೇ ಅಪ್ಪನತ್ತ ತೋರಿಸಿ, ತುಟಿಯ ಮೇಲೆ ಬೆರಳಿಟ್ಟಳು. ಅವನು ತಲೆಯಾಡಿಸಿ, ಸದ್ದಾಗದಂತೆ ಬಾಗಿಲು ಮುಚ್ಚಿಕೊಂಡ. ಬಾಗಿಲು ಮುಚ್ಚಿದ ಮೇಲೂ ಬೆರಳು ಅಲ್ಲೇ ಇತ್ತು.