ನಲವತ್ತು ಅಂದ್ರೆ ನಲವತ್ತೇ

ಮ್ಯೂಸಿಯಂನವರು ನಮ್ಮಣ್ಣನಿಗೆ ಇಟ್ಟ ಅಡ್ಡಹೆಸರು ಕೈಗವಸು. ಕ್ಯುರೇಟರ್ ಆದವನು ಚಿತ್ರ ಮುಟ್ಟುವಾಗ ಬಿಳಿ ಕೈಗವಸು ಹಾಕಬೇಕು, ಸರಿ. ಇವನು ಮನೆಗೆ ಬಂದು ಪೇಪರ್ ಓದುವಾಗಲೂ ಮರೆತು ಹಾಕಿಕೊಂಡೇ ಕೂತಿರುತ್ತಿದ್ದ. ಕೆಲಸದ ದಿನ ಅಲ್ಲಿ ಸತ್ತವರ ಚಿತ್ರ ಕಾಯುವುದು, ರಜೆ ಬಂದರೆ ಮನೆ ಹಿಂದಿನ ಶೆಡ್ಡಿನಲ್ಲಿ ಕೈಯಿಂದ ಒತ್ತುವ ಹಳೇ ಮುದ್ರಣಯಂತ್ರದ ಮುಂದೆ ನಿಲ್ಲುವುದು. ಅಕ್ಷರದ ಅಚ್ಚುಮೊಳೆ ಒಂದೊಂದೇ ಜೋಡಿಸಿ, ದಪ್ಪ ಕೈಕಾಗದ ಒದ್ದೆ ಮಾಡಿ, ವರ್ಷಕ್ಕೊಂದು ಪುಸ್ತಕ ಮಾಡುತ್ತಿದ್ದ. ಅದೂ ನಲವತ್ತೇ ಪ್ರತಿ. ಹೊಲಿದು ರಟ್ಟು ಕಟ್ಟುವವಳು ನಾನು, ಅವನ ತಂಗಿ. ಹೊಲಿಗೆ ಕೂದಲೆಳೆಯಷ್ಟು ಜಾರಿದರೂ ಇಡೀ ಪುಸ್ತಕ ಬಿಚ್ಚಿಸುತ್ತಿದ್ದ. ನಾನು ಶಾಪ ಹಾಕುತ್ತಲೇ ಬಿಚ್ಚುತ್ತಿದ್ದೆ. ಇಂಥ ಕಟ್ಟುನಿಟ್ಟಿನ ಮನುಷ್ಯನ ಕೈಯಿಂದಲೇ ನಮ್ಮಕ್ಕನ ಬದುಕಿನ ಕೆಲಸ ಮಣ್ಣುಪಾಲಾಯಿತು. ಹೀಗೆ ಹೇಳಿದರೆ ಅವನಿಗೆ ಅನ್ಯಾಯ ಮಾಡಿದ ಹಾಗೆ ಅನ್ನುವವರಿದ್ದಾರೆ. ಅನ್ನಲಿ ಬಿಡಿ.

ಅಕ್ಕ ನಮ್ಮಿಬ್ಬರಿಗೂ ದೊಡ್ಡವಳು. ಆಸ್ಪತ್ರೆಯ ಲಾಂಡ್ರಿಯಲ್ಲಿ ಕಂಡವರ ರಕ್ತದ ಬಟ್ಟೆ ಕುದಿಸಿ, ಹಿಂಡಿ, ಇಸ್ತ್ರಿ ಮಾಡಿ ನಮ್ಮನ್ನು ಓದಿಸಿದವಳು. ಮದುವೆ ಗಿದುವೆ ಅಂತ ಯಾರಾದರೂ ಮೂಗು ತೂರಿಸಿದರೆ ಪುರುಸೊತ್ತಿಲ್ಲ ಅನ್ನುತ್ತಿದ್ದಳು. ಕೆಲಸದಿಂದ ಬಂದು ಅಡುಗೆಮನೆ ಮೇಜಿನ ಮೇಲೆ ಮರದ ಹಲಗೆ ಇಟ್ಟುಕೊಂಡು ಉಳಿಯಿಂದ ಕೆತ್ತುತ್ತಾ ಕೂರುವುದು ಅವಳಿಗಿದ್ದ ಒಂದೇ ಚಟ. ಕೆತ್ತಿದ್ದೆಲ್ಲ ಜೊತೆಗೆ ದುಡಿಯುವ ಹೆಂಗಸರ ಮುಖ. ಆವಿಗೆ ಕಣ್ಣು ಕಿರಿದು ಮಾಡಿಕೊಂಡವಳು, ಹಲ್ಲಲ್ಲಿ ಕ್ಲಿಪ್ಪು ಕಚ್ಚಿಕೊಂಡವಳು, ಯಾರಿಗೋ ಬೈಯುತ್ತಾ ಹಾಸಿಗೆ ಬಟ್ಟೆ ಮಡಿಸುವವಳು. ಇಪ್ಪತ್ತಾರು ಹಲಗೆ ಆಗಿದ್ದವು. ಯಾರಿಗೂ ತೋರಿಸಿದವಳಲ್ಲ. ಆಮೇಲೆ ಕೈ ನಡುಗುವ ಕಾಯಿಲೆ ಬಂತು. ಮೊದಲು ಲೋಟ ಜಾರಿತು, ಆಮೇಲೆ ರವಿಕೆ ಗುಂಡಿ ಹಾಕಲಾಗದೆ ಹೋಯಿತು, ಈಗ ಊಟ ನಾನೇ ಮಾಡಿಸುತ್ತೇನೆ.

ಉಳಿ ಎತ್ತಿಟ್ಟ ದಿನ ಅಣ್ಣನನ್ನು ಹತ್ತಿರ ಕರೆದು ಅಕ್ಕ ಒಂದೇ ಒಂದು ಮಾತು ಕೇಳಿದಳು. "ಇವರನ್ನ ಯಾರಾದ್ರೂ ನೋಡ್ಬೇಕು ಕಣೋ. ನಾನು ಹೋಗೋದ್ರೊಳಗೆ."

ಮ್ಯೂಸಿಯಂನಲ್ಲೇ ನೇತುಹಾಕು ಅಂದೆ ನಾನು. ಒಡಹುಟ್ಟಿದವಳ ಕೆಲಸ ತಂದು ತೂಗುಹಾಕಿದ ಅಂತ ನಾಳೆ ಜನ ಬಾಯಿಗೆ ಬಂದ ಹಾಗೆ ಆಡುತ್ತಾರೆ, ಅದು ಅಕ್ಕನಿಗೂ ಮರ್ಯಾದೆಯಲ್ಲ ಅಂದ. ಪುಸ್ತಕ ಮಾಡೋಣ, ಚೆನ್ನಾಗಿ ಮಾಡಿದರೆ ಹೊರಗಿನ ಮ್ಯೂಸಿಯಂಗಳು ತಾವಾಗಿಯೇ ತರಿಸಿಕೊಳ್ಳುತ್ತವೆ ಅಂದ. ಮಾತಿನಲ್ಲಿ ತಪ್ಪು ಹುಡುಕಲಾಗಲಿಲ್ಲ. ಅವನ ಮಾತಿನಲ್ಲಿ ತಪ್ಪು ಸಿಗುವುದೇ ಇಲ್ಲ, ನನ್ನ ಹೊಟ್ಟೆ ಉರಿಯುವುದೇ ಅದಕ್ಕೆ.

ಅಷ್ಟು ಶ್ರದ್ಧೆಯಿಂದ ಅವನು ಇನ್ಯಾವ ಪುಸ್ತಕವನ್ನೂ ಒತ್ತಿರಲಿಲ್ಲ, ಅದನ್ನು ಒಪ್ಪುತ್ತೇನೆ. ಪರೀಕ್ಷೆಗೆ ತೆಗೆದ ಹಾಳೆಗಳನ್ನು, ತಪ್ಪಿದೆ, ಹೊರಗೆ ಹೋಗಬಾರದು ಅಂತ ಅಲ್ಲೇ ಹರಿದು ಚೂರು ಮಾಡಿಬಿಡುತ್ತಿದ್ದ. ಅಕ್ಕ ಶೆಡ್ಡಿನ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂರುತ್ತಿದ್ದಳು. ಹಲಗೆಯ ಮೇಲಿಂದ ಹಾಳೆ ಎದ್ದು ಬರುವಾಗ ಮುಖ ಗುರುತು ಹಿಡಿದು ಮಾತಾಡಿಸುವಳು. ಬಟ್ಟೆ ಮಡಿಸುವವಳ ಹಾಳೆ ಎದ್ದಾಗ, ಸತ್ತು ಇಷ್ಟು ವರ್ಷವಾಯಿತು, ಇವಳು ಇನ್ನೂ ಬೈಯುವುದು ನಿಲ್ಲಿಸಿಲ್ಲ ನೋಡು ಅಂತ ಬಿದ್ದೂ ಬಿದ್ದೂ ನಕ್ಕಳು. ಅವಳು ಹಾಗೆ ನಕ್ಕಿದ್ದನ್ನು ನಾನು ಎಷ್ಟೋ ಕಾಲದಿಂದ ಕಂಡಿರಲಿಲ್ಲ.

ಈ ಕಸುಬಿನಲ್ಲಿ ಒಂದು ಪದ್ಧತಿ ಇದೆ. ಹೇಳಿದಷ್ಟು ಪ್ರತಿ ಒತ್ತಿದ ಮೇಲೆ ಚಿತ್ರದ ಹಲಗೆಗೆ ಮೂಲೆಯಿಂದ ಮೂಲೆಗೆ ಆಳವಾಗಿ ಒಂದು ಗೀರು ಹಾಕುತ್ತಾರೆ. ಕೊಂಡವರಿಗೆ ಕೊಟ್ಟ ಮಾತು ಅದು, ಮುಂದೆ ಯಾರೂ ಕದ್ದು ಒತ್ತುವ ಹಾಗಿಲ್ಲ. ಕೊನೇ ಹಾಳೆ ಒಣಹಾಕುವ ತಂತಿಗೆ ಏರಿದ್ದೇ ತಡ, ಅಣ್ಣ ಉಳಿ, ಉಕ್ಕಿನ ಪಟ್ಟಿ ತಂದ. ಪುಸ್ತಕ ಹೊಲಿದು ಮುಗಿಯಲಿ ಮಾರಾಯ, ಅಂಥ ಅವಸರ ಏನು ಬಂತು ಅಂದೆ.

"ನಲವತ್ತು ಅಂದ್ರೆ ನಲವತ್ತೇ," ಅಂದ. "ಹಲಗೆ ಉಳಿದಿದೆ ಅಂದ್ರೆ ಮಾತು ಉಳಿದಿಲ್ಲ ಅಂತ ಅರ್ಥ."

ಅಕ್ಕ ಅವನು ಹೇಳಿದ ಹಾಗೇ ಆಗಲಿ ಅಂದಳು. ಅವನು ಪಟ್ಟಿ ಒತ್ತಿಹಿಡಿದು ಒಂದೊಂದು ಮುಖದ ಮೇಲೂ ಗೀರು ಎಳೆಯುತ್ತಾ ಹೋದ. ಅಕ್ಕ ಗೋಡೆ ನೋಡುತ್ತಿದ್ದಳು. ಅಲ್ಲಿ ಕೂರಲಾಗದೆ ನಾನು ಎದ್ದು ಹೋದೆ.

ಹಾಳೆಗಳು ಇನ್ನೂ ತಂತಿಯ ಮೇಲಿದ್ದಾಗ ಅಣ್ಣನಿಗೆ ನೆಲದ ಮೇಲೆ ಒಂದು ಬೆಳ್ಳಿಹುಳ ಕಾಣಿಸಿತು. ಕಾಗದ ತಿನ್ನುವ ಹುಳ. ಕ್ಯುರೇಟರ್ ಜೀವ ಬಾಯಿಗೆ ಬಂತು. ಹೊರಗಿನಿಂದ ಬಂದ ಕಾಗದವನ್ನೆಲ್ಲ ಗಾಳಿಯಾಡದಂತೆ ಪ್ಲಾಸ್ಟಿಕ್‌ನಲ್ಲಿ ಮುಚ್ಚಿ, ಹುಳ ಸಾಯುವವರೆಗೆ ಬೇರೆ ಕೋಣೆಯಲ್ಲಿಡಬೇಕೆಂಬುದು ಮ್ಯೂಸಿಯಂನ ನಿಯಮ. ನಿಯಮ ಮಾಡಿದವನೂ ಇವನೇ. ಹಾಳೆಗಳನ್ನು ಕೆನ್ನೆಗೆ ಒತ್ತಿ ನೋಡಿದ, ಒಣಗಿವೆ ಅಂದ. ಅಷ್ಟನ್ನೂ ಒಂದರ ಮೇಲೊಂದು ಪೇರಿಸಿ, ಪ್ಲಾಸ್ಟಿಕ್ ಸುತ್ತಿ ಅಂಚು ಕರಗಿಸಿ ಮುಚ್ಚಿ, ಮ್ಯೂಸಿಯಂನ ಆ ಕೋಣೆಗೆ ಒಯ್ದಿಟ್ಟು ಬೀಗ ಹಾಕಿದ. ಆಮೇಲೆ ಯಾವುದೋ ಪ್ರದರ್ಶನಕ್ಕೆ ಚಿತ್ರಗಳನ್ನು ತೆಗೆದುಕೊಂಡು ಪರದೇಶಕ್ಕೆ ಹೋದ. ಅವನು ಬರುವ ತನಕ ಆ ಬಾಗಿಲು ಯಾರೂ ತೆಗೆಯುವಂತಿಲ್ಲ. ಆ ನಿಯಮವೂ ಅವನದೇ. ಅಕ್ಕ ದಿನಾ ಕೇಳುತ್ತಿದ್ದಳು, ಹೊಲಿಗೆ ಶುರುವಾಯಿತಾ ಅಂತ. ನಿನ್ನ ತಮ್ಮ ಬರಲಿ, ಆಮೇಲೆ ನನ್ನ ಬೆನ್ನು ಮುರಿಯುವಂತೆ ಹೊಲಿಯುತ್ತೇನೆ ಅನ್ನುತ್ತಿದ್ದೆ.

ಅವನು ಬಂದ ಮೇಲೆ ಹಾಳೆ ತರಲು ನಾನೂ ಜೊತೆಗೆ ಹೋದೆ. ಪ್ಲಾಸ್ಟಿಕ್ ಕತ್ತರಿಸಿದಾಗ ಹಳೇ ಒದ್ದೆ ಚಾಪೆಯ ವಾಸನೆ ಬಂತು. ದಪ್ಪ ಕಾಗದ ಮೇಲೆ ಮೇಲೆ ಒಣಗಿತ್ತು, ಒಳಗೆ ಪಸೆ ಹಾಗೇ ಇತ್ತು. ಶಾಯಿಯೂ ಹಸಿ. ಹಾಳೆಗಳೆಲ್ಲ ಒಂದಕ್ಕೊಂದು ಅಂಟಿ ಇಟ್ಟಿಗೆಯಂತಾಗಿದ್ದವು, ಉದ್ದಕ್ಕೂ ಕಪ್ಪು ಹಸಿರು ಬೂಷ್ಟು. ಒಂದನ್ನು ಎಳೆದರೆ ಮುಖ ಕಿತ್ತುಬಂದು ಇನ್ನೊಂದರ ಬೆನ್ನಿಗೆ ಹತ್ತಿತು. ಕಾಗದ ರಿಪೇರಿ ಮಾಡುವ ಹೆಂಗಸನ್ನು ಕರೆಸಿದ. ಅವಳು ಒಂದು ಮೂಲೆ ಎತ್ತಿ ನೋಡಿ ಕೈಗವಸು ಬಿಚ್ಚಿದಳು.

ಬರೀ ಮುದ್ರಕನಾಗಿದ್ದರೆ ಹಸಿ ಹಾಳೆ ಕಟ್ಟಿಡುತ್ತಿರಲಿಲ್ಲ, ಬರೀ ಕ್ಯುರೇಟರ್ ಆಗಿದ್ದರೆ ಹಲಗೆಗೆ ಉಳಿ ತಾಗಿಸುತ್ತಿರಲಿಲ್ಲ. ಎರಡೂ ಆಗಿದ್ದಕ್ಕೆ ಎರಡನ್ನೂ ಮಾಡಿದ. ಇದನ್ನು ನಾನು ಮ್ಯೂಸಿಯಂ ಮೆಟ್ಟಿಲ ಮೇಲೇ ನಿಂತು, ಓಡಾಡುವವರೆಲ್ಲ ಕೇಳುವ ಹಾಗೆ ಹೇಳಿದೆ. ಫೋಟೋನಾದರೂ ಇಲ್ಲವಾ ಅಂತ ನೀವು ಕೇಳಬಹುದು. ನನ್ನ ಮೊಬೈಲಿನಲ್ಲಿ ಎರಡಿವೆ. ಅದರಲ್ಲಿ ಅಕ್ಕನ ಕೆಲಸಕ್ಕಿಂತ ನನ್ನ ಹೆಬ್ಬೆರಳೇ ಚೆನ್ನಾಗಿ ಬಂದಿದೆ.

ಅಕ್ಕನಿಗೆ ಅವನೇ ಹೇಳಿದ, ಒಂದಕ್ಷರ ಮುಚ್ಚಿಡದೆ. ಅಕ್ಕ, ಬೆಳಿಗ್ಗೆಯಿಂದ ಏನಾದರೂ ತಿಂದೆಯಾ ಅಂತ ಕೇಳಿದಳು. ಅವನು ಹೊರಗೆ ಹೋಗಿ ಅತ್ತ. ಗೀರು ಇದ್ದರೂ ಇರಲಿ, ಹಾಗೇ ಒತ್ತಿಬಿಡು ಅಂದೆ ನಾನು. ಒಂದನ್ನು ಒತ್ತಿ ತಂದ. ಹಣೆಯಿಂದ ಗದ್ದದವರೆಗೆ ಬೆಳ್ಳಗೆ ಕತ್ತಿಯೇಟು ಬಿದ್ದಂತಿತ್ತು. ಅಕ್ಕ ಅದನ್ನು ಬೋರಲು ಹಾಕಿಸಿದಳು.

ಕೊನೆಗೆ ಬಡಗಿಯನ್ನು ಕರೆಸಿದೆವು. ಅದೇ ಜಾತಿಯ ಮರದ ಎಳೆ ಸೀಳಿ ಗೀರಿನೊಳಗೆ ಕೂರಿಸಿ ಉಜ್ಜಿಕೊಟ್ಟ. ಹಲಗೆಯೇನೋ ತುಂಬಿತು. ಆದರೆ ಆ ಪಟ್ಟಿಯಗಲ ಕಣ್ಣು, ಮೂಗು, ತುಟಿ ಮತ್ತೆ ಕೆತ್ತಬೇಕಲ್ಲ, ಅದು ಅಕ್ಕನ ಕೈಗಷ್ಟೇ ಗೊತ್ತು. ನಾನು ಕೆತ್ತುತ್ತೇನೆ ಅಂದಳು. ಹಟಕ್ಕೆ ಬಿದ್ದರೆ ಅವಳೂ ನಮ್ಮಮ್ಮನ ಮಗಳೇ. ಅಣ್ಣ ಅವಳ ಮಣಿಕಟ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ, ನಾನು ಹಲಗೆ ಹಿಡಿದೆ. ಬಟ್ಟೆ ಮಡಿಸುವವಳ ಮುಖವನ್ನೇ ಮೊದಲು ತೆಗೆದುಕೊಂಡಳು. ಉಳಿ ಎರಡು ಸಲ ಸರಿಯಾಗಿ ಹೋಯಿತು. ಮೂರನೇ ಸಲ ಜಾರಿ, ಉಳಿದಿದ್ದ ಇನ್ನೊಂದು ಕಣ್ಣನ್ನೂ ಕಿತ್ತುಕೊಂಡು ಹೋಯಿತು. ಆದರೂ ಅವಳು ನಿಲ್ಲಿಸಲಿಲ್ಲ. ಸಾಕು ಅಕ್ಕ ಅನ್ನುವ ಧೈರ್ಯ ನಮ್ಮಿಬ್ಬರಿಗೂ ಬರಲಿಲ್ಲ. ಆಗಿದ್ದು ಕೋಳಿ ಕೆದಕಿದ ಹಾಗೆ ಇತ್ತು.

ಒತ್ತಿ ತಾ, ನೋಡೋಣ ಅಂದಳು. ಅಣ್ಣ ಶಾಯಿ ಹಚ್ಚಿ ಒತ್ತಿ, ಹಾಳೆಯನ್ನು ತಂದು ಅವಳ ಮುಂದೆ ಹಿಡಿದ. ಅದರಲ್ಲಿ ಮುಖವೇ ಇರಲಿಲ್ಲ.

"ಚೆನ್ನಾಗಿದೆ ಅಕ್ಕ," ಅಂದ.

ಅಕ್ಕ ಹಾಳೆ ನೋಡಿದಳು, ಆಮೇಲೆ ಅವನ ಮುಖ ನೋಡಿದಳು. "ಹರಿದು ಹಾಕೋ," ಅಂದಳು. "ನೀನು ತಪ್ಪು ಅಂತ ಹೇಳಿ ಹರಿದು ಹಾಕೋದು ಬಿಟ್ಟೆ ಅಂದ್ರೆ, ನನ್ನ ಕೈ ಮುಗೀತು ಅಂತ ನೀನೇ ಹೇಳಿದ ಹಾಗಾಯ್ತು."

ಅವನು ಹಾಳೆ ಹಿಡಿದುಕೊಂಡು ಹಾಗೇ ನಿಂತಿದ್ದ. ಹರಿಯಲಿಲ್ಲ.